ನಾಲ್ಕಕ್ಷರದ ಸರ: ಚರ್ಮದ ಒಂದು ಜೀನ್ ಮೂಲಕ ಅನುವಂಶೀಯತೆಯ ಬೋಧನೆ

ಪೀಠಿಕೆ

ಹತ್ತನೇ ತರಗತಿಯ ವಿಜ್ಞಾನದಲ್ಲಿ ಅನುವಂಶೀಯತೆಯ ಅಧ್ಯಾಯ ಬಂದಾಗ ನಾವೆಲ್ಲ ಮೆಂಡಲರ ಬಟಾಣಿ ಗಿಡದಿಂದ ಶುರುಮಾಡುತ್ತೇವೆ. ಎತ್ತರ ಗಿಡ, ಕುಳ್ಳ ಗಿಡ, ಮೂರಕ್ಕೆ ಒಂದರ ಅನುಪಾತ ಎಂದು ಕಪ್ಪುಹಲಗೆ ತುಂಬುತ್ತದೆ. ಮಕ್ಕಳು ಚೌಕಳಿಯನ್ನು ಸರಿಯಾಗಿಯೇ ತುಂಬುತ್ತಾರೆ. ಆದರೆ ದೊಡ್ಡ ಟಿ ಮತ್ತು ಚಿಕ್ಕ ಟಿ ಎಂದರೆ ನಿಜಕ್ಕೂ ಏನು, ಆ ಅಕ್ಷರ ಗಿಡವನ್ನು ಕುಳ್ಳಗೆ ಮಾಡುವುದು ಹೇಗೆ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಜೀನ್ ಒಂದು ಪ್ರೋಟೀನಿಗೆ ಬೇಕಾದ ಮಾಹಿತಿಯನ್ನು ಒದಗಿಸುತ್ತದೆ ಎಂಬ ವಾಕ್ಯ ಪಠ್ಯದಲ್ಲಿದೆ. ಆ ಒಂದು ವಾಕ್ಯವನ್ನು ಮಕ್ಕಳು ಕೈಯಿಂದ ಮಾಡಿ ತಿಳಿಯುವಂತೆ ಮಾಡಬಹುದೇ ಎಂಬುದೇ ಈ ಪಾಠದ ಹಿಂದಿನ ಪ್ರಶ್ನೆ.

ಬೋಧನಾಭ್ಯಾಸದ ಅವಧಿಯಲ್ಲಿ ಇನ್ನಂಜೆಯ ಒಂದು ಪ್ರೌಢಶಾಲೆಯಲ್ಲಿ ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ನಾನು ಮೂರು ಅವಧಿಗಳಲ್ಲಿ ಈ ಪಾಠವನ್ನು ನಡೆಸಿದೆ. ಉದಾಹರಣೆಗೆ ಬಟಾಣಿಯ ಬದಲು ನಮ್ಮ ಚರ್ಮದ ಒಂದು ಜೀನನ್ನು ತೆಗೆದುಕೊಂಡೆ. ಮಾಡಿದ್ದೇನು, ಮಕ್ಕಳು ಕೇಳಿದ್ದೇನು, ಬೇರೆಯವರು ಇದನ್ನು ಹೇಗೆ ಬಳಸಬಹುದು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಚರ್ಮವನ್ನೇ ಆರಿಸಿದ್ದು ಏಕೆ

ಮೊದಲ ಕಾರಣ ಸರಳ. ಚರ್ಮ ಕಣ್ಣಿಗೆ ಕಾಣುವ ಅಂಗ. ರಕ್ತದ ಅಥವಾ ನರದ ಕಾಯಿಲೆಯನ್ನು ಹೇಳುವಾಗ ಚಿತ್ರ ಬೇಕು. ಚರ್ಮಕ್ಕೆ ಪ್ರತಿಯೊಬ್ಬರ ಕೈಯೇ ಚಿತ್ರ.

ಎರಡನೆಯ ಕಾರಣ ತರಗತಿಯಲ್ಲೇ ಇತ್ತು. ಒಬ್ಬ ವಿದ್ಯಾರ್ಥಿನಿಯ ಕೈಕಾಲಿನ ಚರ್ಮ ಒಣಗಿ ಚಕ್ಕೆಚಕ್ಕೆಯಾಗಿ ಕಾಣುತ್ತಿತ್ತು. ಅವಳ ಪಕ್ಕದ ಜಾಗ ಸಾಮಾನ್ಯವಾಗಿ ಖಾಲಿ ಇರುತ್ತಿತ್ತು. ಆಟದ ಅವಧಿಯಲ್ಲಿ ಕೈ ಕೈ ಹಿಡಿದು ವೃತ್ತ ಮಾಡುವಾಗ ಅವಳ ಎಡಬಲದಲ್ಲಿ ಒಂದು ತಡಕಾಟ ಆಗುತ್ತಿತ್ತು. ಅವಳಿಗಿರುವ ತೊಂದರೆ ಯಾವುದು ಎಂದು ನಾನು ಕೇಳಲಿಲ್ಲ. ಅದನ್ನು ನೋಡಿ ಹೆಸರಿಡುವ ಅರ್ಹತೆ ಶಿಕ್ಷಕರಿಗಿಲ್ಲ, ಅದು ವೈದ್ಯರ ಕೆಲಸ. ಆದರೆ ‘ಚರ್ಮದ ತೊಂದರೆ ಎಂದರೆ ಅಂಟುವುದು’ ಎಂಬ ಎಣಿಕೆ ತರಗತಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಆ ಎಣಿಕೆಯನ್ನು ಉಪದೇಶದಿಂದ ತೆಗೆಯುವುದಕ್ಕಿಂತ ಪಾಠದಿಂದ ತೆಗೆಯುವುದು ಒಳ್ಳೆಯದು ಎನಿಸಿತು.

ಪಾಠ ಯೋಜನೆ ತೋರಿಸಿದಾಗ ಮಾರ್ಗದರ್ಶಕ ಶಿಕ್ಷಕಿಯವರು ಎರಡು ಷರತ್ತು ಹಾಕಿದರು. “ಆ ಹುಡುಗಿಯನ್ನು ಉದಾಹರಣೆ ಮಾಡಬಾರದು. ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಇದೆಯಾ’ ಎಂದು ತರಗತಿಯಲ್ಲಿ ಕೇಳಲೂ ಬಾರದು.” ಎರಡನ್ನೂ ಮೂರೂ ಅವಧಿಗಳಲ್ಲಿ ಪಾಲಿಸಿದೆ. ಹಾಗೆಯೇ ಚರ್ಮದ ಬಣ್ಣವನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳಲಿಲ್ಲ. ಬಣ್ಣದ ಜೀನುಗಳ ಕಥೆ ಸ್ವಾರಸ್ಯಕರವೇ. 2005ರಲ್ಲಿ ಝೀಬ್ರಾಫಿಶ್ ಎಂಬ ಪುಟ್ಟ ಮೀನಿನಲ್ಲಿ ಪತ್ತೆಯಾದ ಎಸ್ಎಲ್‌ಸಿ24ಎ5 ಎಂಬ ಜೀನ್ ಮನುಷ್ಯರ ಚರ್ಮದ ಬಣ್ಣದಲ್ಲೂ ಪಾತ್ರ ವಹಿಸುತ್ತದೆ ಎಂದು ತಿಳಿದುಬಂತು. ಆದರೆ ಬಣ್ಣವನ್ನು ತೀರ್ಮಾನಿಸುವುದು ಹಲವು ಜೀನುಗಳು ಸೇರಿ. ಮೊದಲ ಪಾಠಕ್ಕೆ ಒಂದು ಜೀನ್, ಒಂದು ಪ್ರೋಟೀನ್, ಒಂದು ಪರಿಣಾಮ ಸ್ಪಷ್ಟವಾಗಿ ಕಾಣಬೇಕು.

ಬೋಧಕರು ತಿಳಿದಿರಬೇಕಾದ ವಿಷಯ

ಚರ್ಮದ ಹೊರಪದರದಲ್ಲಿ ಜೀವಕೋಶಗಳು ಕೆಳಗಿನಿಂದ ಹುಟ್ಟಿ ಮೇಲಕ್ಕೆ ಸರಿಯುತ್ತ ಚಪ್ಪಟೆಯಾಗಿ, ಕೊನೆಗೆ ಸತ್ತು, ಹಂಚಿನ ಮಾಡಿನಂತೆ ಒಂದರ ಮೇಲೊಂದು ಕೂರುತ್ತವೆ. ಒಳಗಿನ ನೀರು ಹೊರಹೋಗದಂತೆ, ಹೊರಗಿನ ಧೂಳು ಮತ್ತು ರೋಗಾಣು ಒಳಬರದಂತೆ ತಡೆಯುವುದು ಈ ಮಾಡೇ. ಕೋಶದೊಳಗಿನ ಕೆರಾಟಿನ್ ಎಳೆಗಳನ್ನು ಕಟ್ಟಾಗಿ ಬಿಗಿಯುವ ಪ್ರೋಟೀನಿನ ಹೆಸರು ಫಿಲಾಗ್ರಿನ್. ಕಟ್ಟುವ ಕೆಲಸ ಮುಗಿದ ಮೇಲೆ ಅದು ಚಿಕ್ಕ ಅಮೈನೋ ಆಮ್ಲಗಳಾಗಿ ಒಡೆದು ಚರ್ಮದಲ್ಲಿ ನೀರಿನ ಪಸೆಯನ್ನು ಹಿಡಿದಿಡುತ್ತದೆ. ಹೀಗೆ ಒಂದೇ ಪ್ರೋಟೀನು ಎರಡು ಕೆಲಸ ಮಾಡುತ್ತದೆ.

ಈ ಪ್ರೋಟೀನಿನ ಮಾಹಿತಿ ಇರುವ ಜೀನಿಗೆ ಎಫ್‌ಎಲ್‌ಜಿ ಎಂದು ಹೆಸರು. ಅದು ಒಂದನೇ ವರ್ಣತಂತುವಿನಲ್ಲಿದೆ. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್ಲೀನ್ ಅವರ ತಂಡ ಮತ್ತು ಸಹ ಸಂಶೋಧಕರು 2006ರಲ್ಲಿ ಎರಡು ವಿಷಯ ತೋರಿಸಿದರು. ಮೊದಲನೆಯದು, ಈ ಜೀನಿನಲ್ಲಿ ಪ್ರೋಟೀನನ್ನು ಅರ್ಧಕ್ಕೆ ನಿಲ್ಲಿಸುವ ಬದಲಾವಣೆಗಳಿದ್ದರೆ ಇಕ್ತಿಯೋಸಿಸ್ ವಲ್ಗ್ಯಾರಿಸ್ ಎಂಬ ಒಣಚರ್ಮದ ತೊಂದರೆ ಬರುತ್ತದೆ. ಗ್ರೀಕ್ ಭಾಷೆಯಲ್ಲಿ ಇಕ್ತಿಸ್ ಎಂದರೆ ಮೀನು. ಚರ್ಮ ಮೀನಿನ ಹುರುಪೆಯಂತೆ ಕಾಣುವುದರಿಂದ ಆ ಹೆಸರು. ಎರಡನೆಯದು, ಅದೇ ಬದಲಾವಣೆಗಳು ಅಟೋಪಿಕ್ ಡರ್ಮಟೈಟಿಸ್ ಎಂಬ ತುರಿಕೆಯ ಎಕ್ಸಿಮಾ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ.

ಆಗ ಗುರುತಿಸಿದ ಎರಡು ಬದಲಾವಣೆಗಳು ಪಾಠಕ್ಕೆ ಹೇಳಿ ಮಾಡಿಸಿದಂತಿವೆ. ಮೊದಲನೆಯದು ಆರ್501ಎಕ್ಸ್. ಸಿಜಿಎ ಎಂಬ ಮೂರಕ್ಷರದಲ್ಲಿ ಸಿ ಹೋಗಿ ಟಿ ಬಂದಿದೆ. ಸಿಜಿಎ ಎಂದರೆ ಆರ್ಜಿನಿನ್, ಟಿಜಿಎ ಎಂದರೆ ‘ನಿಲ್ಲು’. ಎರಡನೆಯದು 2282ಡೆಲ್4. ಅಲ್ಲಿ ನಾಲ್ಕು ಅಕ್ಷರಗಳು ಬಿಟ್ಟುಹೋಗಿ ಮುಂದಿನ ಓದು ಪೂರ್ತಿ ಅಡ್ಡದಾರಿ ಹಿಡಿಯುತ್ತದೆ.

ಒಬ್ಬರಿಗೆ ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ಬದಲಾವಣೆ ಇದ್ದರೆ ಸಾಮಾನ್ಯವಾಗಿ ತೊಂದರೆ ಸೌಮ್ಯ, ಕೆಲವರಲ್ಲಿ ಕಾಣುವುದೇ ಇಲ್ಲ. ಎರಡೂ ಪ್ರತಿಗಳಲ್ಲಿದ್ದರೆ ಹೆಚ್ಚು. ಪ್ರಬಲ–ದುರ್ಬಲ ಎಂಬ ಎರಡೇ ಪೆಟ್ಟಿಗೆಗಳಲ್ಲಿ ಇದು ಕೂರುವುದಿಲ್ಲ ಎಂಬುದನ್ನು ಬೋಧಕರು ಗಮನಿಸಬೇಕು. ಹವಾಮಾನದ ಪಾತ್ರವೂ ಇದೆ. ಗಾಳಿಯಲ್ಲಿ ತೇವ ಇರುವ ಮಳೆಗಾಲದಲ್ಲಿ ಇಂಥ ಚರ್ಮ ಸುಧಾರಿಸುತ್ತದೆ, ಚಳಿಗಾಲದ ಒಣಗಾಳಿಗೆ ಬಿರಿಯುತ್ತದೆ. ಜೂನ್‌ನಲ್ಲಿ ಯಾರ ಗಮನಕ್ಕೂ ಬಾರದ್ದು ಜನವರಿಯಲ್ಲಿ ಎದ್ದು ಕಾಣುವುದು ಇದರಿಂದಲೇ.

ಉದ್ದೇಶಗಳು ಮತ್ತು ಸಾಮಗ್ರಿ

ಪಾಠ ಮುಗಿದಾಗ ವಿದ್ಯಾರ್ಥಿಯು ಜೀನ್, ಪ್ರೋಟೀನ್ ಮತ್ತು ಲಕ್ಷಣಗಳ ಸಂಬಂಧವನ್ನು ಒಂದು ಉದಾಹರಣೆಯಿಂದ ವಿವರಿಸಬೇಕು; ಎರಡು ಡಿಎನ್‌ಎ ಸರಣಿಗಳನ್ನು ಹೋಲಿಸಿ ವ್ಯತ್ಯಾಸ ಗುರುತಿಸಬೇಕು; ಎಲ್ಲ ವ್ಯತ್ಯಾಸವೂ ರೋಗವಲ್ಲ ಎಂಬುದನ್ನು ಕಾರಣ ಕೊಟ್ಟು ಹೇಳಬೇಕು; ಜೀವಶಾಸ್ತ್ರಕ್ಕೆ ಗಣಕಯಂತ್ರ ಏಕೆ ಬೇಕು ಎಂಬುದನ್ನು ತಿಳಿಯಬೇಕು; ಅನುವಂಶೀಯ ತೊಂದರೆ ಮುಟ್ಟಿದರೆ ಅಂಟುವುದಿಲ್ಲ ಎಂಬುದನ್ನು ತಾನೇ ತರ್ಕಿಸಬೇಕು.

ಸಾಮಗ್ರಿಗೆ ಖರ್ಚಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಿಂದ ಕತ್ತರಿಸಿದ ಕಾಗದದ ಪಟ್ಟಿಗಳು, ನಾಲ್ಕು ಬಣ್ಣದ ಸ್ಕೆಚ್ ಪೆನ್ನು, ಮೂರಕ್ಷರಕ್ಕೆ ಯಾವ ಅಮೈನೋ ಆಮ್ಲ ಎಂಬ ಚಿಕ್ಕ ಪಟ್ಟಿ, ಬಣ್ಣದ ಮಣಿ, ದಾರ, ಒಂದಿಷ್ಟು ಚೀಟಿಗಳು. ಶಾಲೆಯಲ್ಲಿ ಒಂದು ಗಣಕಯಂತ್ರ ಮತ್ತು ಇಂಟರ್ನೆಟ್ ಇದ್ದರೆ ಮೂರನೆಯ ಅವಧಿಗೆ ಅನುಕೂಲ, ಇಲ್ಲದಿದ್ದರೂ ಪಾಠ ನಿಲ್ಲುವುದಿಲ್ಲ.

ಮೊದಲ ಅವಧಿ: ಎಷ್ಟು ಉದ್ದದ ಸರ?

ಇನ್ನಂಜೆ, ಶಂಕರಪುರದ ಸುತ್ತಮುತ್ತ ಮಲ್ಲಿಗೆ ಕಟ್ಟುವುದು ಮನೆಮನೆಯ ಕೆಲಸ. ‘ಉಡುಪಿ ಮಲ್ಲಿಗೆ’ ಎಂದು ಭೌಗೋಳಿಕ ಸೂಚಿ ಪಡೆದ ಹೂವು ಇದೇ. ಹಾಗಾಗಿ ಡಿಎನ್‌ಎಯ ಉದ್ದವನ್ನು ಹೂವಿನ ಲೆಕ್ಕದಲ್ಲೇ ಕೇಳಿದೆ.

“ಒಂದು ಚೆಂಡಿಗೆ ಎಷ್ಟು ಹೂ?” ಕೇಳಿ ಮುಗಿಸುವ ಮೊದಲೇ ಉತ್ತರ ಬಂತು, “ಎಂಟು ನೂರು ಟೀಚರ್.” “ಒಂದು ಅಟ್ಟಿಗೆ?” “ನಾಲ್ಕು ಚೆಂಡು.” ಅಂದರೆ 3,200 ಹೂ. ಈಗ ಹೂವಿನ ಜಾಗದಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳನ್ನಿಟ್ಟು ಲೆಕ್ಕ ಮಾಡಲು ಹೇಳಿದೆ. ಫಿಲಾಗ್ರಿನ್ ಜೀನಿನ ಮುಖ್ಯ ಭಾಗದಲ್ಲಿ 12,000ಕ್ಕೂ ಹೆಚ್ಚು ಅಕ್ಷರಗಳಿವೆ. ಅದು ಸುಮಾರು ನಾಲ್ಕು ಅಟ್ಟಿ. ಮನುಷ್ಯನ ಒಂದು ಪೂರ್ತಿ ಜೀನೋಮ್‌ನಲ್ಲಿ ಸುಮಾರು 300 ಕೋಟಿ ಅಕ್ಷರಗಳು. ಭಾಗಿಸಿದಾಗ ಒಂಬತ್ತು ಲಕ್ಷಕ್ಕೂ ಹೆಚ್ಚು ಅಟ್ಟಿ. ಒಬ್ಬ ಹುಡುಗ ದಿನದ ದರ ಹಾಕಿ ರೂಪಾಯಿಯ ಲೆಕ್ಕವನ್ನೂ ತೆಗೆದ. ತಡೆಯಲಿಲ್ಲ. ಸಂಖ್ಯೆಯ ಗಾತ್ರ ಮನಸ್ಸಿಗೆ ಹೋಗಬೇಕಾದರೆ ಅದೂ ಒಂದು ದಾರಿ.

“ಒಂಬತ್ತು ಲಕ್ಷ ಅಟ್ಟಿಯಲ್ಲಿ ಒಂದು ಹೂ ಬೇರೆ ಬಣ್ಣದ್ದಿದ್ದರೆ ಹುಡುಕುವುದು ಹೇಗೆ?” ಎಂಬ ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದು ಮೂರನೆಯ ಅವಧಿಯವರೆಗೆ ಅಳಿಸದೆ ಇಟ್ಟೆ. ಅವಧಿಯ ಉಳಿದ ಭಾಗದಲ್ಲಿ ಚರ್ಮದ ಪದರಗಳ ಚಿತ್ರ ಬಿಡಿಸಿ ಫಿಲಾಗ್ರಿನ್ ಮಾಡುವ ಎರಡು ಕೆಲಸಗಳನ್ನು ವಿವರಿಸಿದೆ.

ಎರಡನೆಯ ಅವಧಿ: ಐದು ಪಟ್ಟಿಗಳು

ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ ಪ್ರತಿ ಗುಂಪಿಗೆ ಐದು ಪಟ್ಟಿ ಕೊಟ್ಟೆ. ಗುಂಪುಗಳನ್ನು ಹಾಜರಿ ಸಂಖ್ಯೆಯ ಪ್ರಕಾರ ಮಾಡಿದೆ, ಮಕ್ಕಳಿಗೇ ಬಿಡಲಿಲ್ಲ. ಪಟ್ಟಿಯ ಸರಣಿ ಅಭ್ಯಾಸಕ್ಕೆಂದು ನಾನೇ ಬರೆದದ್ದು, ನಿಜವಾದ ಜೀನು ಇದಕ್ಕಿಂತ ಬಹಳ ಉದ್ದ ಎಂದು ಮೊದಲೇ ತಿಳಿಸಿದೆ.

ಪಟ್ಟಿ ಅ: ಎಟಿಜಿ – ಸಿಎಸಿ – ಸಿಜಿಎ – ಜಿಜಿಟಿ – ಸಿಟಿಜಿ – ಎಜಿಎ – ಟಿಎಎ

ಪಟ್ಟಿ ಆ: ಎಟಿಜಿ – ಸಿಎಸಿ – ಟಿಜಿಎ – ಜಿಜಿಟಿ – ಸಿಟಿಜಿ – ಎಜಿಎ – ಟಿಎಎ

ಪಟ್ಟಿ ಇ: ಎಟಿಜಿ – ಸಿಎಸಿ – ಸಿಜಿಎ – ಜಿಜಿಸಿ – ಸಿಟಿಜಿ – ಎಜಿಎ – ಟಿಎಎ

ಪಟ್ಟಿ ಈ: ಪಟ್ಟಿ ಅ ದಲ್ಲಿ ಏಳರಿಂದ ಒಂಬತ್ತನೆಯವರೆಗಿನ ಮೂರು ಅಕ್ಷರ ತೆಗೆದದ್ದು.

ಪಟ್ಟಿ ಉ: ಪಟ್ಟಿ ಅ ದಲ್ಲಿ ಏಳರಿಂದ ಹತ್ತನೆಯವರೆಗಿನ ನಾಲ್ಕು ಅಕ್ಷರ ತೆಗೆದದ್ದು.

ಕೊನೆಯ ಎರಡು ಪಟ್ಟಿಗಳಲ್ಲಿ ಅಕ್ಷರಗಳನ್ನು ಬಿಡುವಿಲ್ಲದೆ ಸಾಲಾಗಿ ಬರೆದಿದ್ದೆ. ಮೂರು ಮೂರಾಗಿ ಬಿಡಿಸುವ ಕೆಲಸ ಮಕ್ಕಳದು. ಪ್ರತಿ ಮೂರಕ್ಷರಕ್ಕೆ ಪಟ್ಟಿಯಲ್ಲಿ ನೋಡಿ ಒಂದು ಬಣ್ಣದ ಮಣಿ ಪೋಣಿಸಬೇಕು. ‘ನಿಲ್ಲು’ ಬಂದಲ್ಲಿ ಗಂಟು ಹಾಕಬೇಕು.

ಪಟ್ಟಿ ಅ ದಿಂದ ಆರು ಮಣಿಯ ಸರ ಬಂತು: ಮೆಥಿಯೋನಿನ್, ಹಿಸ್ಟಿಡಿನ್, ಆರ್ಜಿನಿನ್, ಗ್ಲೈಸಿನ್, ಲ್ಯೂಸಿನ್, ಮತ್ತೆ ಆರ್ಜಿನಿನ್. ಪಟ್ಟಿ ಆ ದಲ್ಲಿ ಎರಡೇ ಮಣಿಗೆ ಗಂಟು ಬಿತ್ತು. ಎಫ್‌ಎಲ್‌ಜಿ ಜೀನಿನಲ್ಲಿ ನಿಜವಾಗಿ ಕಂಡುಬಂದ ಸಿಜಿಎಯಿಂದ ಟಿಜಿಎಗೆ ಆದ ಬದಲಾವಣೆ ಇದೇ ಎಂದು ಹೇಳಿದೆ. ಪಟ್ಟಿ ಇ ದಲ್ಲೂ ಒಂದು ಅಕ್ಷರ ಬದಲಾಗಿದೆ, ಆದರೆ ಸರ ಮೊದಲಿನಂತೆಯೇ ಬಂತು. ಜಿಜಿಟಿ, ಜಿಜಿಸಿ ಎರಡೂ ಗ್ಲೈಸಿನ್ನೇ. ಒಂದೆರಡು ಗುಂಪುಗಳು ತಾವು ಎಲ್ಲೋ ಎಡವಿದೆವೆಂದು ಮಣಿ ಬಿಚ್ಚಿ ಮತ್ತೆ ಪೋಣಿಸಿದವು. “ಅಕ್ಷರ ಬದಲಾದರೂ ಅರ್ಥ ಬದಲಾಗಲಿಲ್ಲ” ಎಂಬ ಮಾತು ಒಂದು ಗುಂಪಿನಿಂದಲೇ ಬಂತು. ಆ ವಾಕ್ಯವನ್ನು ಹಾಗೆಯೇ ಹಲಗೆಗೆ ಏರಿಸಿದೆ.

ಪಾಠದ ತಿರುಳು ಇರುವುದು ಈ ಮತ್ತು ಉ ಪಟ್ಟಿಗಳ ಹೋಲಿಕೆಯಲ್ಲಿ. ಮೂರು ಅಕ್ಷರ ಹೋದಾಗ ಒಂದು ಮಣಿ ಕಡಿಮೆಯಾಯಿತು, ಉಳಿದ ಸರ ಸರಿಯಾಗಿಯೇ ಇತ್ತು. ನಾಲ್ಕು ಹೋದಾಗ ಎಟಿಜಿ, ಸಿಎಸಿ, ಜಿಟಿಸಿ ಎಂದು ಓದಿ, ಮುಂದೆ ಟಿಜಿಎ ಎದುರಾಗಿ ಮೂರೇ ಮಣಿಗೆ ಗಂಟು ಬಿತ್ತು. ಮೂರನೆಯ ಮಣಿಯೂ ಮೊದಲಿನದಲ್ಲ. ಒಂದೇ ಒಂದು ಅಕ್ಷರ ಹೆಚ್ಚು ತೆಗೆದದ್ದಕ್ಕೆ ಇಷ್ಟು ವ್ಯತ್ಯಾಸ ಏಕೆ ಎಂದು ಗುಂಪುಗಳು ವಾದಿಸಿಕೊಳ್ಳಲು ಐದು ನಿಮಿಷ ಬಿಟ್ಟೆ. ಕಾರಣವನ್ನು ನಾನು ಹೇಳಬೇಕಾಗಲಿಲ್ಲ. ಮೂರು ಮೂರಾಗಿ ಓದುವ ಲೆಕ್ಕ ತಪ್ಪಿತು ಎಂಬ ಉತ್ತರ ಅವರದೇ.

ಬಳಿಕ ಒಂದು ಕಲ್ಪಿತ ಕುಟುಂಬದ ಚೌಕಳಿ ಹಾಕಿದೆವು. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಪ್ರತಿ ಬದಲಾಗಿದೆ ಎಂದಿಟ್ಟುಕೊಂಡರೆ ಪ್ರತಿ ಮಗುವಿಗೆ ಎರಡೂ ಪ್ರತಿ ಸರಿಯಿರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಒಂದು ಪ್ರತಿ ಬದಲಾಗಿರುವ ಸಾಧ್ಯತೆ ನಾಲ್ಕರಲ್ಲಿ ಎರಡು, ಎರಡೂ ಬದಲಾಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಾಲ್ಕು ಮಕ್ಕಳಿದ್ದರೆ ಖಂಡಿತ ಒಬ್ಬರಿಗೆ ಬಂದೇ ಬರುತ್ತದೆ ಎಂದು ಇದರ ಅರ್ಥವಲ್ಲ, ಪ್ರತಿ ಮಗುವಿಗೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ ಎಂಬುದನ್ನು ನಾಣ್ಯ ಚಿಮ್ಮಿಸಿ ತೋರಿಸಿದೆ.

ಮೂರನೆಯ ಅವಧಿ: ಚೀಟಿ ಜೋಡಿಸುವುದು, ಜರಡಿ ಹಿಡಿಯುವುದು

ಹಲಗೆಯ ಮೂಲೆಯ ಪ್ರಶ್ನೆಗೆ ಬಂದೆವು. ಡಿಎನ್‌ಎಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಒಮ್ಮೆಲೇ ಓದುವ ಬದಲು, ಇಂದು ಹೆಚ್ಚು ಬಳಕೆಯಲ್ಲಿರುವ ಯಂತ್ರಗಳು ಅದನ್ನು ತುಂಡು ಮಾಡಿ ಒಂದೊಂದು ತುಂಡಿನಿಂದ ಸುಮಾರು 150 ಅಕ್ಷರ ಓದುತ್ತವೆ. ಹೀಗೆ ಬಂದ ಕೋಟಿಗಟ್ಟಲೆ ತುಣುಕುಗಳನ್ನು ಜೋಡಿಸುವುದು ಗಣಕಯಂತ್ರದ ಕೆಲಸ. ಈ ವಿದ್ಯೆಯೇ ಬಯೋಇನ್ಫರ್ಮ್ಯಾಟಿಕ್ಸ್, ಅಂದರೆ ಜೈವಿಕ ಮಾಹಿತಿಯ ಲೆಕ್ಕಾಚಾರ.

ಜೋಡಿಸುವ ಕೆಲಸವನ್ನು ಮಕ್ಕಳ ಕೈಗೆ ಕೊಟ್ಟೆ. ‘ಮುಂಜಾನೆ ಕೊಯ್ದ ಮಲ್ಲಿಗೆ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿ ಅಜ್ಜಿ ಶಂಕರಪುರಕ್ಕೆ ಕಳುಹಿಸಿದರು’ ಎಂಬ ವಾಕ್ಯವನ್ನು ಮೂರು ಮೂರು ಪದಗಳ ಏಳು ಚೀಟಿಗಳಾಗಿ, ಒಂದರ ಕೊನೆಯ ಎರಡು ಪದ ಮುಂದಿನದರ ಮೊದಲಲ್ಲಿ ಬರುವಂತೆ ಮಾಡಿ, ಕಲಸಿ ಕೊಟ್ಟಿದ್ದೆ. ಮೂರು ನಿಮಿಷದೊಳಗೆ ಎಲ್ಲ ಗುಂಪುಗಳೂ ವಾಕ್ಯವನ್ನು ಜೋಡಿಸಿದವು.

ಎರಡನೆಯ ವಾಕ್ಯ: ‘ಅಜ್ಜಿ ಕಟ್ಟಿದ್ದು ಮಲ್ಲಿಗೆ ಮಲ್ಲಿಗೆ ಮಲ್ಲಿಗೆ ಮಲ್ಲಿಗೆ ಮಲ್ಲಿಗೆ ಕೊನೆಗೆ ಸೇವಂತಿಗೆ’. ಇದರ ಹಲವು ಪ್ರತಿಗಳನ್ನು ತುಂಡು ಮಾಡಿ, ಪ್ರತಿ ಗುಂಪಿಗೂ ಒಂದು ಹಿಡಿ ಚೀಟಿ ಎತ್ತಿ ಕೊಟ್ಟೆ. ವಾಕ್ಯದಲ್ಲಿ ಎಷ್ಟು ಸಲ ಮಲ್ಲಿಗೆ ಇದೆ ಎಂಬುದು ಪ್ರಶ್ನೆ. ಒಂದು ಗುಂಪು ನಾಲ್ಕು ಎಂದಿತು, ಇನ್ನೊಂದು ಐದು, ಮತ್ತೊಂದು ಏಳು. ಯಾರೂ ತಪ್ಪು ಜೋಡಿಸಿರಲಿಲ್ಲ. ‘ಮಲ್ಲಿಗೆ ಮಲ್ಲಿಗೆ ಮಲ್ಲಿಗೆ’ ಎಂಬ ಚೀಟಿ ಸರದ ಯಾವ ಭಾಗದಿಂದ ಬಂತೆಂದು ಚೀಟಿ ನೋಡಿ ಹೇಳಲು ಬರುವುದಿಲ್ಲ. ಆಮೇಲೆ ‘ಕಟ್ಟಿದ್ದು’ ಎಂಬಲ್ಲಿಂದ ‘ಕೊನೆಗೆ’ ಎಂಬವರೆಗಿನ ಒಂದೇ ಉದ್ದನೆಯ ಚೀಟಿ ಕೊಟ್ಟಾಗ ಜಗಳ ತೀರಿತು.

ಫಿಲಾಗ್ರಿನ್ ಜೀನಿನ ಸಂಶೋಧಕರಿಗೆ ಎದುರಾದ ಕಷ್ಟವೂ ಇದೇ ಬಗೆಯದು. ಆ ಜೀನಿನಲ್ಲಿ 972 ಅಕ್ಷರಗಳ ಒಂದು ಭಾಗ, ಅಂದರೆ ಒಂದು ಚೆಂಡಿಗಿಂತ ತುಸು ಹೆಚ್ಚು, ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಮತ್ತೆ ಮತ್ತೆ ಬರುತ್ತದೆ. ಕೆಲವರಲ್ಲಿ ಹತ್ತು ಸಲ, ಕೆಲವರಲ್ಲಿ ಹನ್ನೊಂದು, ಕೆಲವರಲ್ಲಿ ಹನ್ನೆರಡು. 150 ಅಕ್ಷರದ ತುಣುಕು ಯಾವ ಪುನರಾವರ್ತನೆಯದೆಂದು ಹೇಳುವುದು ಕಷ್ಟ. ಸಾವಿರಾರು ಅಕ್ಷರಗಳನ್ನು ಒಂದೇ ಓಟದಲ್ಲಿ ಓದುವ ಯಂತ್ರಗಳು ಬಂದ ಮೇಲೆ ಇಂಥ ಜಾಗಗಳ ಓದು ಸುಲಭವಾಗುತ್ತಿದೆ. ಮಾನವ ಜೀನೋಮ್ ಯೋಜನೆ 2003ರಲ್ಲಿ ಮುಗಿಯಿತೆಂದರೂ ಸಂದಿಲ್ಲದ ಪೂರ್ತಿ ಸರಣಿ ಪ್ರಕಟವಾದದ್ದು 2022ರಲ್ಲಿ. ಪುನರಾವರ್ತನೆಯ ಭಾಗಗಳೇ ಅದಕ್ಕೆ ಮುಖ್ಯ ಅಡ್ಡಿಯಾಗಿದ್ದವು.

ಜೋಡಿಸಿದ ಮೇಲೆ ಜರಡಿ. ಒಬ್ಬ ವ್ಯಕ್ತಿಯ ಜೀನೋಮನ್ನು ಮಾದರಿ ಜೀನೋಮಿನೊಂದಿಗೆ ಹೋಲಿಸಿದರೆ 40ರಿಂದ 50 ಲಕ್ಷ ಕಡೆ ವ್ಯತ್ಯಾಸ ಸಿಗುತ್ತದೆ. ಇದು ಆರೋಗ್ಯವಂತರಲ್ಲೂ ಹೀಗೆಯೇ. ಇಷ್ಟರಲ್ಲಿ ಕಾಯಿಲೆಗೆ ಕಾರಣವಾದದ್ದು ಯಾವುದು? ಅಕ್ಕಿಯನ್ನು ಬೇರೆ ಬೇರೆ ಕಣ್ಣಿನ ಜರಡಿಯಲ್ಲಿ ಹಾಯಿಸುವಂತೆ ಮೂರು ಪ್ರಶ್ನೆ ಕೇಳಬೇಕು. ಈ ಬದಲಾವಣೆ ಪ್ರೋಟೀನನ್ನು ಕೆಡಿಸುತ್ತದೆಯೇ? ಆರೋಗ್ಯವಂತ ಜನರಲ್ಲಿ ಇದು ವಿರಳವೇ? ಕುಟುಂಬದಲ್ಲಿ ತೊಂದರೆ ಇದ್ದವರಲ್ಲಿ ಇದ್ದು, ಇಲ್ಲದವರಲ್ಲಿ ಇಲ್ಲವೇ? ಮಕ್ಕಳು ಎರಡನೆಯ ಅವಧಿಯ ಪಟ್ಟಿಗಳನ್ನು ಮೊದಲ ಜರಡಿಗೆ ಹಾಕಿದರು. ಪಟ್ಟಿ ಇ ಕೆಳಗೆ ಉದುರಿತು. ಆ ಮತ್ತು ಉ ಉಳಿದವು. ಈ ಪಟ್ಟಿಯ ಬಗ್ಗೆ ಒಮ್ಮತ ಬರಲಿಲ್ಲ. ಒಂದು ಮಣಿ ಇಲ್ಲದೆ ಸರ ಕೆಲಸ ಮಾಡುತ್ತದೋ ಇಲ್ಲವೋ ಎಂಬುದನ್ನು ಪ್ರಯೋಗಶಾಲೆಯಲ್ಲೇ ನೋಡಬೇಕು ಎಂದು ಅಲ್ಲಿಗೆ ಬಿಟ್ಟೆವು.

ಎರಡನೆಯ ಜರಡಿಗೆ ನಮ್ಮವರ ಮಾಹಿತಿ ಬೇಕು. ಯುರೋಪಿನವರಲ್ಲಿ ಹೆಚ್ಚಾಗಿ ಕಂಡ ಎಫ್‌ಎಲ್‌ಜಿ ಬದಲಾವಣೆಗಳು ಬೇರೆ, ಜಪಾನಿನಲ್ಲಿ ಕಂಡವು ಬೇರೆ. ಹೊರಗಿನವರ ಪಟ್ಟಿ ಹಿಡಿದು ಇಲ್ಲಿ ಹುಡುಕಿದರೆ ಸಿಗದೆ ಹೋಗಬಹುದು. ಜೀನೋಮ್ ಇಂಡಿಯಾ ಯೋಜನೆ ಮುಖ್ಯವಾಗುವುದು ಇಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಸಂಯೋಜಿಸಿದ ಈ ಯೋಜನೆಯಲ್ಲಿ 20 ಸಂಸ್ಥೆಗಳು ಸೇರಿ 10,000 ಭಾರತೀಯರ ಜೀನೋಮ್ ಓದಿದವು. ಅದರ ದತ್ತಾಂಶ 2025ರ ಜನವರಿಯಲ್ಲಿ ಫರೀದಾಬಾದಿನ ಇಂಡಿಯನ್ ಬಯಾಲಾಜಿಕಲ್ ಡೇಟಾ ಸೆಂಟರ್ ಮೂಲಕ ಸಂಶೋಧಕರಿಗೆ ಲಭ್ಯವಾಯಿತು.

ಕೊನೆಯ ಹತ್ತು ನಿಮಿಷ ಶಾಲೆಯ ಗಣಕಯಂತ್ರದಲ್ಲಿ ಎನ್‌ಸಿಬಿಐ ತಾಣ ತೆರೆದು ಎಫ್‌ಎಲ್‌ಜಿ ಎಂದು ಹುಡುಕಿ ಜೀನಿನ ಅಕ್ಷರಗಳನ್ನು ತೋರಿಸಿದೆ. 1982ರಲ್ಲಿ ಶುರುವಾದ ಜೆನ್‌ಬ್ಯಾಂಕ್, ಸರಣಿ ಹೋಲಿಸಲು 1990ರಲ್ಲಿ ಬಂದ ಬ್ಲಾಸ್ಟ್, ಎರಡೂ ಯಾರು ಬೇಕಾದರೂ ಬಳಸಬಹುದಾದವು. ಪರದೆ ತುಂಬ ನಾಲ್ಕೇ ಅಕ್ಷರ ಹರಿಯುವುದನ್ನು ಕಂಡು ಮಕ್ಕಳಿಗೆ ನಗು ಬಂತು. ನಕ್ಕ ಮೇಲೆ ‘ಎಟಿಜಿ ಎಲ್ಲಿದೆ’ ಎಂದು ಹುಡುಕತೊಡಗಿದರು.

ನಮ್ಮೂರಿಗೆ ಹತ್ತಿರದ ಒಂದು ಉದಾಹರಣೆ

ಇನ್ನಂಜೆಯಿಂದ ಅರ್ಧ ದಿನದಲ್ಲಿ ಹೋಗಿಬರಬಹುದಾದ ಮಣಿಪಾಲದಲ್ಲಿ ಸ್ಕೂಲ್ ಆಫ್ ಲೈಫ್ ಸೈನ್ಸಸ್ ಇದೆ. ಅದನ್ನು ಮುನ್ನಡೆಸಿದ ಡಾ. ಕೆ. ಸತ್ಯಮೂರ್ತಿಯವರು ಅದಕ್ಕೂ ಮೊದಲು ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಮೇಲೆ ಕೆಲಸ ಮಾಡಿದವರು. ಬಿಆರ್‌ಎಎಫ್ ಎಂಬ ಜೀನಿನ ಬದಲಾವಣೆ ಮೆಲನೋಮದಲ್ಲಿ ಆಗಾಗ ಇರುತ್ತದೆ ಎಂದು 2002ರಲ್ಲಿ ತಿಳಿದುಬಂತು. ಆ ಬದಲಾವಣೆ ಜೀವಕೋಶದ ಬೆಳವಣಿಗೆಯ ಸಂಕೇತವನ್ನು ಸದಾ ಚಾಲೂ ಇಡುವ ಬಗ್ಗೆ ಅವರು ಮತ್ತು ಸಂಗಡಿಗರು 2003ರಲ್ಲಿ ಪ್ರಬಂಧ ಪ್ರಕಟಿಸಿದರು.

ಇದನ್ನು ಪಾಠಕ್ಕೆ ಸೇರಿಸಿದ್ದು ಊರಿನ ಅಭಿಮಾನಕ್ಕಲ್ಲ. ಬಿಆರ್‌ಎಎಫ್‌ನಲ್ಲೂ ಒಂದೇ ಅಕ್ಷರ ಬದಲಾಗುತ್ತದೆ. ಜಿಟಿಜಿ ಇದ್ದದ್ದು ಜಿಎಜಿ ಆಗಿ ವ್ಯಾಲಿನ್ ಜಾಗಕ್ಕೆ ಗ್ಲುಟಾಮಿಕ್ ಆಮ್ಲ ಬರುತ್ತದೆ. ಆದರೆ ಆ ಬದಲಾವಣೆ ಅಪ್ಪ ಅಮ್ಮನಿಂದ ಬಂದದ್ದಲ್ಲ. ಬದುಕಿನ ನಡುವೆ ಚರ್ಮದ ಒಂದು ಕೋಶದಲ್ಲಿ ಆದದ್ದು, ಮಕ್ಕಳಿಗೆ ಹೋಗುವುದಿಲ್ಲ. ‘ಜೀನ್ ಬದಲಾವಣೆ’ ಮತ್ತು ‘ಅನುವಂಶೀಯ’ ಎಂಬ ಎರಡು ಮಾತು ಒಂದೇ ಅಲ್ಲ ಎಂಬುದನ್ನು ಹೇಳಲು ಈ ಜೋಡಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ತರಗತಿಯಲ್ಲಿ ಎದ್ದ ಪ್ರಶ್ನೆಗಳು

ಎರಡನೆಯ ಅವಧಿಯ ಕೊನೆಗೆ ಒಬ್ಬ ಹುಡುಗ ಕೇಳಿದ, “ಹಾಗಾದ್ರೆ ಕೈ ಹಿಡಿದ್ರೆ ಇದು ಬರುದಿಲ್ವಾ ಟೀಚರ್?” ಉತ್ತರವನ್ನು ತರಗತಿಗೇ ಬಿಟ್ಟೆ. “ನಿನ್ನ ಸರದ ಅಕ್ಷರ ಎಲ್ಲಿಂದ ಬಂತು?” “ಅಪ್ಪ ಅಮ್ಮನಿಂದ.” “ಪಕ್ಕದವನ ಪಟ್ಟಿ ಮುಟ್ಟಿದ್ದಕ್ಕೆ ನಿನ್ನ ಪಟ್ಟಿಯ ಅಕ್ಷರ ಬದಲಾಯಿತಾ?” “ಇಲ್ಲ.” ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಿದೆ. ಕಜ್ಜಿಯಂಥ ಕೆಲವು ಚರ್ಮರೋಗಗಳು ಹುಳ ಅಥವಾ ಶಿಲೀಂಧ್ರದಿಂದ ಬರುತ್ತವೆ, ಅವು ಅಂಟುತ್ತವೆ. ಯಾವುದು ಯಾವುದೆಂದು ವೈದ್ಯರು ಹೇಳಬೇಕೇ ಹೊರತು ನಾವು ದೂರದಿಂದ ನೋಡಿ ತೀರ್ಮಾನಿಸುವಂತಿಲ್ಲ.

ಎರಡನೆಯ ಪ್ರಶ್ನೆ ನಮ್ಮ ಕರಾವಳಿಯಲ್ಲಿ ಬಂದೇ ಬರುವಂಥದ್ದು. “ನಮ್ಮ ಅಜ್ಜಿ ಇಂಥದ್ದೆಲ್ಲ ನಾಗದೋಷ ಅಂತಾರೆ.” ಇಲ್ಲಿ ಪ್ರಶಿಕ್ಷಣಾರ್ಥಿ ಒಂದೋ ನಕ್ಕುಬಿಡುತ್ತಾನೆ, ಇಲ್ಲವೇ ವಿಷಯ ಬದಲಿಸುತ್ತಾನೆ. ಎರಡರಿಂದಲೂ ಮಗುವಿಗೆ ಉತ್ತರ ಸಿಗುವುದಿಲ್ಲ. ನಾನು ಹೇಳಿದ್ದು ಇಷ್ಟು: “ಅಜ್ಜಿ ನಾಗನಿಗೆ ತನು ಎರೆಯುವುದು ಮನೆಯ ಭಕ್ತಿ, ಅದರ ಬಗ್ಗೆ ನಾನು ಮಾತಾಡುವುದಿಲ್ಲ. ಆದರೆ ಚರ್ಮ ಒಣಗಲು ಕಾರಣವೇನೆಂದು ನೀವೇ ಈಗ ಮಣಿ ಪೋಣಿಸಿ ನೋಡಿದಿರಿ. ಅದರಲ್ಲಿ ಯಾರ ತಪ್ಪೂ ಇಲ್ಲ, ಯಾರ ಶಾಪವೂ ಇಲ್ಲ. ಅಜ್ಜಿಯ ಜೊತೆ ವೈದ್ಯರ ಹತ್ತಿರವೂ ಹೋಗಬೇಕು.” ‘ದೋಷ’ ಎಂಬ ಪದ ಹೊರಬೀಳುವಾಗ ಅದು ಮಗುವಿನ ಮೇಲೋ ತಾಯಿಯ ಮೇಲೋ ಹೋಗಿ ಕೂರುತ್ತದೆ. ಪಾಠ ಇಳಿಸಬೇಕಾದದ್ದು ಆ ಭಾರವನ್ನು.

ಮೂರನೆಯ ಪ್ರಶ್ನೆಯನ್ನು ಕೇಳಿದ್ದು ಕೊನೆಯ ಬೆಂಚಿನ ಆ ವಿದ್ಯಾರ್ಥಿನಿ. “ಎಣ್ಣೆ ಹಚ್ಚಿದ್ರೆ ಅಕ್ಷರ ಸರಿ ಆಗ್ತದಾ ಟೀಚರ್?” ಮೂರು ಅವಧಿಗಳಲ್ಲಿ ಬಂದ ಪ್ರಶ್ನೆಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಇದೇ. ಅಕ್ಷರ ಸರಿಯಾಗುವುದಿಲ್ಲ, ಆದರೆ ಅಕ್ಷರ ಮಾಡದೆ ಬಿಟ್ಟ ಕೆಲಸವನ್ನು ಹೊರಗಿನಿಂದ ಸ್ವಲ್ಪಮಟ್ಟಿಗೆ ಮಾಡಿಕೊಡಬಹುದು ಎಂದೆ. ಫಿಲಾಗ್ರಿನ್ ಹಿಡಿದಿಡಬೇಕಾದ ನೀರನ್ನು, ಸ್ನಾನದ ನಂತರ ಒದ್ದೆ ಆರುವ ಮೊದಲೇ ಹಚ್ಚುವ ಲೇಪ ಹಿಡಿದಿಡುತ್ತದೆ. ಯಾವ ಲೇಪ ಎಂದು ವೈದ್ಯರು ಹೇಳುತ್ತಾರೆ. ಜೀನ್ ಹಾಗೆಯೇ ಇದ್ದೂ ಲಕ್ಷಣ ಕಡಿಮೆಯಾಗಬಹುದು ಎಂಬ ಮಾತು ಪಠ್ಯದಲ್ಲಿ ನೇರವಾಗಿ ಇಲ್ಲ. ಅದನ್ನು ತರಗತಿಗೆ ತಂದದ್ದು ಅವಳ ಪ್ರಶ್ನೆ. ನಾನು ಅದನ್ನು “ಒಳ್ಳೆಯ ಪ್ರಶ್ನೆ” ಎಂದು ಹಲಗೆಗೆ ಬರೆದು, ಉಳಿದ ಪ್ರಶ್ನೆಗಳಂತೆಯೇ ಎಲ್ಲರಿಗೂ ಚರ್ಚೆಗೆ ಕೊಟ್ಟೆ. ಕೇಳಿದವಳ ಕಡೆ ತಿರುಗಿ ಮಾತಾಡಲಿಲ್ಲ.

ಒಂದು ಪಾಠದಿಂದ ತರಗತಿ ಬದಲಾಯಿತು ಎಂದು ಹೇಳಲಾರೆ. ಕಂಡದ್ದಿಷ್ಟು: ಮೂರನೆಯ ಅವಧಿಯ ಚೀಟಿ ಆಟದಲ್ಲಿ ಅವಳ ಗುಂಪಿನ ಚೀಟಿಗಳು ಅವಳ ಕೈಯಲ್ಲಿದ್ದವು, ಉಳಿದ ಮೂವರು ಅದರ ಮೇಲೆ ಬಗ್ಗಿದ್ದರು.

ಮೌಲ್ಯಮಾಪನ

ಲಿಖಿತ ಪರೀಕ್ಷೆಗೆ ಮೂರು ಪ್ರಶ್ನೆ ಕೊಟ್ಟೆ. ಹೊಸ ಸರಣಿಯೊಂದನ್ನು ಕೊಟ್ಟು ಎರಡು ಬದಲಾವಣೆಗಳಲ್ಲಿ ಯಾವುದು ಹೆಚ್ಚು ಹಾನಿಕರ ಎಂದು ಕಾರಣ ಸಹಿತ ಬರೆಯುವುದು, ಅಣ್ಣನಿಗೆ ಒಣಚರ್ಮ ಇದ್ದು ತಂಗಿಗೆ ಇಲ್ಲದಿರುವುದು ಹೇಗೆ ಸಾಧ್ಯ ಎಂದು ಚೌಕಳಿಯಿಂದ ತೋರಿಸುವುದು, “40 ಲಕ್ಷ ವ್ಯತ್ಯಾಸವಿದ್ದರೆ 40 ಲಕ್ಷ ರೋಗವೇ?” ಎಂಬುದಕ್ಕೆ ಐದು ವಾಕ್ಯಗಳ ಉತ್ತರ. ಮೊದಲನೆಯದಕ್ಕೆ ಉತ್ತರ ಚೆನ್ನಾಗಿ ಬಂದವು. ಎರಡನೆಯದರಲ್ಲಿ ಹಲವರು ಇನ್ನೂ ಪ್ರಬಲ–ದುರ್ಬಲ ಎಂಬ ಮಾತಿನಲ್ಲೇ ಉತ್ತರಿಸಿದರು. ಒಂದು ಪ್ರತಿ ಬದಲಾದಾಗ ಸೌಮ್ಯ, ಎರಡಾದಾಗ ಹೆಚ್ಚು ಎಂಬ ಮಧ್ಯದ ಸ್ಥಿತಿಗೆ ಇನ್ನೊಂದು ಅರ್ಧ ಅವಧಿ ಬೇಕು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಗುಂಪುಗಳನ್ನು ಹಾಜರಿ ಸಂಖ್ಯೆಯಿಂದಲೇ ಮಾಡಿ. ಮಣಿ ಸಿಗದಿದ್ದರೆ ಬಣ್ಣದ ಕಾಗದದ ಉರುಟು ಸಾಕು. ಡಿಎನ್‌ಎಯಿಂದ ನೇರವಾಗಿ ಪ್ರೋಟೀನಿಗೆ ಹಾರಿದ್ದೇವೆ, ನಡುವೆ ಆರ್‌ಎನ್‌ಎ ಎಂಬ ಹಂತವಿದೆ ಎಂಬುದನ್ನು ಒಂದು ವಾಕ್ಯದಲ್ಲಾದರೂ ತಿಳಿಸಿ. ಕಿವಿಯ ಹಾಲೆ, ನಾಲಿಗೆ ಮಡಿಸುವುದು ಮುಂತಾದವುಗಳ ಸಮೀಕ್ಷೆ ಮಾಡಿಸುವವರು ಚರ್ಮ, ಕೂದಲು, ಬಣ್ಣಗಳನ್ನು ಆ ಪಟ್ಟಿಗೆ ಸೇರಿಸಬೇಡಿ. ಸಂಶೋಧಕರು ಸಹ ಒಬ್ಬರ ರಕ್ತ ತೆಗೆಯುವ ಮೊದಲು ವಿವರಿಸಿ ಒಪ್ಪಿಗೆ ಪಡೆಯುತ್ತಾರೆ, ಹೆಸರು ಮರೆಮಾಚುತ್ತಾರೆ. ಹದಿನೈದು ವರ್ಷದ ಮಗುವಿನ ದೇಹದ ವಿಷಯದಲ್ಲಿ ತರಗತಿಗೂ ಅದೇ ನಿಯಮ ಇರಬೇಕು.

ಮೇಲ್ವಿಚಾರಕರಿಗೆ ಒಂದು ಕೋರಿಕೆ. ಈ ಪಾಠವನ್ನು ವೀಕ್ಷಿಸುವಾಗ ಹಲಗೆಯ ಬರವಣಿಗೆ, ಧ್ವನಿ, ಸಮಯಪಾಲನೆಗಳ ಜೊತೆಗೆ ಇನ್ನೊಂದು ಅಂಶವನ್ನೂ ವೀಕ್ಷಣಾ ಪತ್ರದಲ್ಲಿ ಸೇರಿಸಿಕೊಳ್ಳಬೇಕು: ಪಾಠದಲ್ಲಿ ಹೇಳಿದ ಲಕ್ಷಣ ತರಗತಿಯ ಯಾವುದಾದರೂ ಮಗುವಿನಲ್ಲಿದ್ದರೆ, ಆ ಮಗು ನಲವತ್ತು ನಿಮಿಷ ತಲೆ ಎತ್ತಿ ಕೂರುವಂತೆ ಪಾಠ ನಡೆಯಿತೇ?